ಕಾಗದ ಯಾರು ತೋರಿಸಬೇಕು?

ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಡೆಸುತ್ತಿದ್ದ ಶಾಲೆಯ ಹೊರಗೆ ಉರ್ದು ಬೋರ್ಡು ಇರುತ್ತಿತ್ತು, ಒಳಗೆ ಕನ್ನಡ ಪಾಠ ನಡೆಯುತ್ತಿತ್ತು. ಬೀದರ್ ಜಿಲ್ಲೆಯಲ್ಲಿ ಈ ಮಾತು ಗೊತ್ತಿಲ್ಲದವರಿಲ್ಲ. ಕಮಲನಗರದಲ್ಲಿ ಹುಟ್ಟಿ 1999ರವರೆಗೆ ಬಾಳಿದ ಆ ಸ್ವಾಮಿಗಳ ಜಾಣತನವನ್ನು ಸಭೆ ಸಮಾರಂಭಗಳಲ್ಲಿ ಕನ್ನಡಾಭಿಮಾನದ ಪ್ರಸಂಗವಾಗಿ ಹೇಳುತ್ತಾರೆ. ಹೇಳಲಿ, ತಪ್ಪೇನಿಲ್ಲ. ಆದರೆ ಬೋರ್ಡು ಯಾಕೆ ಬೇಕಿತ್ತು, ಯಾರ ಕಣ್ಣಿಗೆ ಅದನ್ನು ತೂಗುಹಾಕಿದ್ದರು ಎಂದು ಕೇಳಿದರೆ ಕತೆ ಬೇರೆ ಕಡೆ ಹೊರಳುತ್ತದೆ. ತನಿಖೆಗೆ ಬಂದವರ ಕಣ್ಣಿಗೆ. ಸರ್ಕಾರದ ಪರವಾನಗಿ ಇಲ್ಲದೆ ಖಾಸಗಿ ಶಾಲೆ ತೆರೆಯುವಂತಿಲ್ಲ ಎಂಬ ನಿಯಮ ಹೈದರಾಬಾದ್ ಸಂಸ್ಥಾನದಲ್ಲಿ 1920ರ ದಶಕದಲ್ಲೇ ಬಂದಿತ್ತು. ಪಾಟಿ ಬಳಪ ಹಿಡಿದು ಮಕ್ಕಳಿಗೆ ಅ ಆ ಇ ಈ ಕಲಿಸುವುದೂ ಕಾಗದವಿಲ್ಲದಿದ್ದರೆ ತಪ್ಪು.

ಶಾಲೆಯೊಂದೇ ಅಲ್ಲ. 1920ರ ದಶಕದ ಕೊನೆಗೆ ಹೊರಟ 'ಗಶ್ತಿ ನಿಶಾನ್ 53' ಎಂಬ ಸುತ್ತೋಲೆ ಸಂಸ್ಥಾನದಲ್ಲೆಲ್ಲ ಕುಪ್ರಸಿದ್ಧವಾಯಿತು. ಅದರ ಪ್ರಕಾರ ಸಾರ್ವಜನಿಕ ಸಭೆ ನಡೆಸುವವರು ಮುಂಚಿತವಾಗಿ ಅನುಮತಿ ಪಡೆಯಬೇಕು. ಕುಸ್ತಿಯ ಅಖಾಡ ತೆರೆಯುವುದಕ್ಕೂ ಅಪ್ಪಣೆ ಬೇಕಾಗಿತ್ತು. ಕಳ್ಳತನ, ಕೊಲೆ, ದರೋಡೆಯ ಗೊಡವೆಗೇ ಹೋಗದ ಸಾಮಾನ್ಯ ಮನುಷ್ಯ ಹೀಗೆ ದಿನನಿತ್ಯದ ಬದುಕಿನಲ್ಲೇ ಅಪರಾಧಿಯಾಗುವ ಸಾಧ್ಯತೆ ಇತ್ತು. ಕಾಗದ ಇದೆಯೇ ಎಂದು ಕೇಳುವ ಹಕ್ಕು ಪೊಲೀಸ್ ಠಾಣೆಯ ಅಮೀನ್ ಸಾಹೇಬರದು, ತೋರಿಸುವ ಪಾಡು ಊರವರದು.

ಅದೂ ಉರ್ದು ಕಾಗದ. 1880ರ ದಶಕದಲ್ಲಿ ಪಾರಸಿಯನ್ನು ಬಿಟ್ಟು ಉರ್ದುವನ್ನು ಆಡಳಿತಕ್ಕೆ ತಂದ ಮೇಲೆ ಫಿರ್ಯಾದಿ, ಪಂಚನಾಮೆ, ಮುಚ್ಚಳಿಕೆ, ಜಾಮೀನು ಎಲ್ಲವೂ ಆ ಲಿಪಿಯಲ್ಲೇ. ಹೊಲದಿಂದ ನೇರ ಬಂದ ಕನ್ನಡದ ಅಥವಾ ಮರಾಠಿಯ ರೈತ ತನ್ನ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಮೇಲೆ ಏನು ಬರೆದಿದೆ ಎಂಬುದನ್ನು ಬರೆದವನ ಬಾಯಿಂದಲೇ ಕೇಳಿ ನಂಬಬೇಕು. ಜಿಲ್ಲೆಯ ದೊಡ್ಡ ಭಾಗ ನಿಜಾಮರು ಸರದಾರರಿಗೆ ಬಿಟ್ಟುಕೊಟ್ಟ ಪಾಯಿಗಾ, ಜಹಗೀರುಗಳಲ್ಲಿ ಹಂಚಿಹೋಗಿತ್ತು. ದೊಡ್ಡ ಜಹಗೀರದಾರರಿಗೆ ತಮ್ಮದೇ ಪೊಲೀಸು, ತಮ್ಮದೇ ನ್ಯಾಯದ ಅಧಿಕಾರವಿದ್ದ ಕಾಲ ಅದು. ಅಲ್ಲಿ ದೂರು ಯಾರ ಮೇಲೋ ಅವರ ಬಾಗಿಲಿಗೇ ಹೋಗಿ ದೂರು ಕೊಡಬೇಕಾದ ಪ್ರಸಂಗಗಳು ಬರುತ್ತಿದ್ದವು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ನ್ಯಾಯಾಂಗವನ್ನು ಕಂದಾಯ ಆಡಳಿತದಿಂದ ಬೇರ್ಪಡಿಸಿದ್ದರಲ್ಲಿ ಹೈದರಾಬಾದ್ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಿತ್ತು. 1921ರಲ್ಲೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಆ ಸುಧಾರಣೆಗೆ ಫರ್ಮಾನು ಹೊರಡಿಸಿದ್ದರು. ಹಿಡಿದವನೇ ತೀರ್ಪು ಕೊಡಬಾರದು ಎಂಬ ವಿವೇಕ ಕಾಗದದ ಮೇಲೆ ಇತ್ತು. ಹಿಡಿದದ್ದು ಯಾಕೆ ಎಂದು ಕೇಳುವ ಹಕ್ಕು ಪ್ರಜೆಗೆ ಇರಲಿಲ್ಲ, ಅಷ್ಟೆ.

ಕೇಳಲು ಹೊರಟವರು 1938ರಲ್ಲಿ ಜೈಲು ಸೇರಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಕಣ್ಣು ಬಿಡುವ ಮೊದಲೇ ನಿಷೇಧಿಸಲಾಯಿತು. ಆರ್ಯಸಮಾಜದವರು ಸಭೆ, ಹವನ, ಪ್ರವಚನಗಳ ಮೇಲಿನ ಕಟ್ಟುಪಾಡುಗಳ ವಿರುದ್ಧ ಸತ್ಯಾಗ್ರಹ ಹೂಡಿದರು. ಉದಗೀರ್ ಆಗ ಬೀದರ್ ಜಿಲ್ಲೆಯದೇ ತಾಲ್ಲೂಕು. ಅಲ್ಲಿನ ಆರ್ಯಸಮಾಜಿ ವಕೀಲ ಶ್ಯಾಮಲಾಲ್ ಅದೇ ಡಿಸೆಂಬರ್‌ನಲ್ಲಿ ಬೀದರ್ ಜೈಲಿನಲ್ಲಿ ತೀರಿಕೊಂಡರು. ಉತ್ತರ ಭಾರತದಿಂದಲೂ ಬಂದ ಸಾವಿರಾರು ಸತ್ಯಾಗ್ರಹಿಗಳು ಸಂಸ್ಥಾನದ ಜೈಲುಗಳನ್ನು ತುಂಬಿದ ಮೇಲೆ, 1939ರ ಆಗಸ್ಟ್‌ನಲ್ಲಿ, ಆ ಚಳವಳಿ ನಿಂತಿತು. ಕಾನೂನು ಬಲ್ಲ ವಕೀಲನೇ ಜೈಲಿನಲ್ಲಿ ಪ್ರಾಣ ಬಿಟ್ಟಾಗ ಸಾಮಾನ್ಯರಿಗೆ ಠಾಣೆಯ ಕಟ್ಟೆ ಹತ್ತಲು ಎಷ್ಟು ಧೈರ್ಯ ಬಂದೀತು?

1948 ಬಂತು. ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ನಿಜಾಮರ ಪರವಾದ ರಜಾಕಾರರ ಪಡೆ ನಡೆಸಿದ ಹತ್ಯಾಕಾಂಡವನ್ನು ಜಿಲ್ಲೆ ಮರೆತಿಲ್ಲ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರ್ 13ರಿಂದ 17ರವರೆಗಿನ ಸೇನಾ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಮೇಲೆ ಸೇಡಿನ ಹಲ್ಲೆಗಳಾದವು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ತಂಡ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತು. ಉಳಿದ ಮೂರು ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡ್. ಮೊದಲ ಸಲ ಕೊಂದವರು ಒಂದು ಕಡೆಯವರು, ಎರಡನೇ ಸಲ ಇನ್ನೊಂದು ಕಡೆಯವರು. ಎರಡೂ ಸಲ, ಓಡಿಹೋಗಿ ದೂರು ಕೊಟ್ಟರೆ ಬರೆದುಕೊಳ್ಳುವ ಠಾಣೆ ಮಾತ್ರ ಇರಲಿಲ್ಲ.

ಮುಂದಿನ ಬದಲಾವಣೆ ಸದ್ದಿಲ್ಲದೆ ಆಯಿತು. 1950ರ ಜನವರಿ 26ರಂದು ಸಂವಿಧಾನದ 22ನೇ ವಿಧಿ ಹೈದರಾಬಾದಿನ ಪ್ರಜೆಗೂ ಅನ್ವಯಿಸಿತು. ಹಿಡಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 1951ರ ಏಪ್ರಿಲ್ 1ರಿಂದ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಗಳು ಇಲ್ಲಿಗೂ ಬಂದವು. ಕಾಗದ ತೋರಿಸುವ ಹೊಣೆ ಆ ಒಂದೆರಡು ವರ್ಷಗಳಲ್ಲಿ ಮೇಜಿನ ಆ ಬದಿಗೆ ಹೋಯಿತು. ಆ ಸುದ್ದಿ ಹಳ್ಳಿ ತಲುಪಲು ಹಿಡಿದ ಕಾಲದ ಲೆಕ್ಕ ಬೇರೆ.

1956ರ ನವೆಂಬರ್ 1ರಂದು ಜಿಲ್ಲೆಯೇ ಮೂರು ಹೋಳಾಯಿತು. ಉದಗೀರ್, ನಿಲಂಗಾ, ಅಹಮದಪುರಗಳು ಮರಾಠಿ ಕಡೆ ಹೋದವು, ಜಹೀರಾಬಾದ್, ನಾರಾಯಣಖೇಡಗಳು ತೆಲುಗು ಕಡೆಗೆ. ಬೀದರ್, ಭಾಲ್ಕಿ, ಹುಮನಾಬಾದ್ ಮತ್ತು ಆಗ ಸಂತಪುರ ಎಂದು ಕರೆಯುತ್ತಿದ್ದ ಔರಾದ್ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದವು. ನೆಂಟಸ್ತನ ಗಡಿಯಾಚೆ, ಸಂತೆ ಗಡಿಯಾಚೆ, ಠಾಣೆ ಮಾತ್ರ ಈಚೆ. 'ಇದು ನಮ್ಮ ಹದ್ದಿನಲ್ಲಿ ಬರಂಗಿಲ್ಲ, ಆ ಕಡಿ ಹೋಗ್ರಿ' ಎಂಬ ಮಾತಿಗೆ ಔರಾದಿನಂಥ ಗಡಿ ತಾಲ್ಲೂಕಿಗಿಂತ ಹೇಳಿ ಮಾಡಿಸಿದ ಜಾಗ ಸಿಗಲಾರದು.

ನಿಜಾಮರ ಕಾಲದ ಫಸಲಿ ಶಕೆಯ 1329ನೇ ವರ್ಷದ ಹೈದರಾಬಾದ್ ಜಿಲ್ಲಾ ಪೊಲೀಸ್ ಕಾಯ್ದೆಯ ಜಾಗಕ್ಕೆ 1963ರ ಮೈಸೂರು ಪೊಲೀಸ್ ಕಾಯ್ದೆ ಬಂತು. ಅದೇ ಈಗಿನ ಕರ್ನಾಟಕ ಪೊಲೀಸ್ ಕಾಯ್ದೆ. ಕೊಲೆ, ಸುಲಿಗೆಗಳ ಮಾತು ಅದರಲ್ಲಿಲ್ಲ. ದನ ಬೀದಿಗೆ ಬಿಡುವುದು, ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದು, ಕುಡಿದು ಬೀದಿಯಲ್ಲಿ ಗದ್ದಲ ಮಾಡುವುದು, ಇಸ್ಪೀಟು, ಮಟ್ಕಾ, ಇವೇ ಅದರ ಸರಕು. ಜನಸಾಮಾನ್ಯರಿಗೂ ಪೊಲೀಸರಿಗೂ ಒಡನಾಟ ಬೀಳುವುದು ಹೆಚ್ಚಾಗಿ ಇಂಥ ಚಿಲ್ಲರೆ ವಿಷಯಗಳಲ್ಲೇ. ಆದ್ದರಿಂದ ಕಾನೂನಿನ ಮರ್ಯಾದೆ ಉಳಿಯುವುದೂ ಹೋಗುವುದೂ ಇಲ್ಲೇ.

ಮಟ್ಕಾದ ಒಂದು ಎಫ್‌ಐಆರ್ ಓದಿದವರಿಗೆ ಎಲ್ಲ ಎಫ್‌ಐಆರ್ ಓದಿದಂತೆಯೇ. 'ಖಚಿತ ಬಾತ್ಮಿ ಬಂದ ಮೇರೆಗೆ' ಪಿಎಸ್‌ಐ ಸಾಹೇಬರು ಇಬ್ಬರು ಪಂಚರನ್ನು, ಸಿಬ್ಬಂದಿಯನ್ನು ಕರೆದುಕೊಂಡು ಹೋಗುತ್ತಾರೆ. ಗುಡಿಯ ಹತ್ತಿರವೋ ಬಸ್ ನಿಲ್ದಾಣದ ಮಗ್ಗುಲಲ್ಲೋ ಒಬ್ಬ 'ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುತ್ತೇನೆ' ಎಂದು ಕೂಗಿ ಚೀಟಿ ಬರೆಯುತ್ತಿರುತ್ತಾನೆ. ಮರೆಯಲ್ಲಿ ನಿಂತು ಖಾತ್ರಿ ಮಾಡಿಕೊಂಡು ದಾಳಿ. ಸಿಕ್ಕಿದ ಮುದ್ದೇಮಾಲು: ಒಂದಿಷ್ಟು ನಗದು, ಒಂದು ಮಟ್ಕಾ ಚೀಟಿ, ಒಂದು ಬಾಲ್ ಪೆನ್. ಪೊಲೀಸು ಹತ್ತಿರ ಬರುವವರೆಗೂ ಹಾಗೆ ಕೂಗುತ್ತಲೇ ನಿಂತಿರುವ ಆ ಮಟ್ಕಾದವನ ಎದೆಗಾರಿಕೆಯನ್ನು ಮೆಚ್ಚಬೇಕು. ಠಾಣೆ ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಕೂಗು ಬದಲಾಗುವುದಿಲ್ಲ.

ಇಂಥ ಅಪರಾಧಗಳಲ್ಲಿ ಹಲವು 'ಅಸಂಜ್ಞೇಯ'. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಕೈಹಾಕುವಂತಿಲ್ಲ. ರೂಢಿಯಲ್ಲಿ ಏನಾಗುತ್ತಿತ್ತೆಂದರೆ, ಠಾಣೆಯಿಂದ ಹೋದ ಅರ್ಜಿಯ ಮೂಲೆಯಲ್ಲಿ 'ಅನುಮತಿಸಿದೆ' ಎಂಬ ಒಂದು ಪದ, ಒಂದು ಸಹಿ. 2019ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಇದು ಆದೇಶವೇ ಅಲ್ಲ ಎಂದಿತು. ಅರ್ಜಿ ಯಾರು ತಂದರು, ಹೇಗೆ ಬಂತು, ತನಿಖೆ ಯಾಕೆ ಬೇಕು ಎಂಬುದನ್ನು ಮ್ಯಾಜಿಸ್ಟ್ರೇಟರು ಪ್ರತ್ಯೇಕವಾಗಿ ಬರೆದಿಡಬೇಕು ಎಂದು ಮಾರ್ಗಸೂಚಿ ಹಾಕಿಕೊಟ್ಟಿತು. ಆಮೇಲೆ ಆ ತೀರ್ಪನ್ನು ಮುಂದಿಟ್ಟು ಎಷ್ಟೋ ಜೂಜಿನ ಪ್ರಕರಣಗಳನ್ನು ರದ್ದುಪಡಿಸಲಾಯಿತು. ಜೂಜುಕೋರರು ತಪ್ಪಿಸಿಕೊಂಡರಲ್ಲ ಎಂದು ಹಲುಬುವವರಿದ್ದಾರೆ. ಕಾಗದವೇ ಇಲ್ಲದೆ ನಡೆದ ತನಿಖೆಯನ್ನು ಮಟ್ಕಾದವನ ವಿಷಯದಲ್ಲಿ ಒಪ್ಪಿಕೊಂಡರೆ ನಾಳೆ ಮಾಸ್ತರರ ವಿಷಯದಲ್ಲೂ ಒಪ್ಪಿಕೊಳ್ಳಬೇಕಾಗುತ್ತದೆ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಕಲಬುರಗಿ ಪೀಠದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2008ರ ಜುಲೈನಲ್ಲಿ ಆ ಪೀಠ ತೆರೆಯುವವರೆಗೆ ಬೀದರಿನ ಕಕ್ಷಿದಾರ ಹೈಕೋರ್ಟಿಗೆಂದು ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಸಣ್ಣ ಪ್ರಕರಣದಲ್ಲಿ ಸಿಕ್ಕಿಬಿದ್ದವನು ಬಸ್ಸಿನ ಖರ್ಚು, ವಕೀಲರ ಫೀಸು ಲೆಕ್ಕ ಹಾಕಿ ಕೆಳಗಿನ ಕೋರ್ಟಿನಲ್ಲೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗುವುದೇ ಮೇಲು ಎಂದುಕೊಂಡರೆ ಅಚ್ಚರಿಯಿಲ್ಲ.

ಈ ನಡುವೆ ದಿಲ್ಲಿಯಲ್ಲಿ ಸುಪ್ರೀಂ ಕೋರ್ಟ್ ಒಂದೊಂದೇ ಕಾಗದವನ್ನು ಪೊಲೀಸರ ಕೈಗೆ ಕೊಡುತ್ತಾ ಬಂತು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಬರೆದ ಪತ್ರವೇ ರಿಟ್ ಅರ್ಜಿಯಾಗಿ, 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರು, ಹುದ್ದೆ ಸ್ಪಷ್ಟವಾಗಿ ಕಾಣಬೇಕು. ಬಂಧನದ ಮೆಮೊ ಸ್ಥಳದಲ್ಲೇ ತಯಾರಾಗಬೇಕು. ಅದರಲ್ಲಿ ದಿನಾಂಕ, ಹೊತ್ತು ಇರಬೇಕು, ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ಹಿಡಿಸಿಕೊಂಡವನೂ ಸಹಿ ಮಾಡಬೇಕು. 2013ರ ಲಲಿತಾ ಕುಮಾರಿ ತೀರ್ಪು ಸಂಜ್ಞೇಯ ಅಪರಾಧದ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆಯೂ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ದೂರು ಬಂದರೆ ಎಫ್‌ಐಆರ್ ಬರೆದುಕೊಳ್ಳಲೇಬೇಕು ಎಂದಿತು. 2014ರ ಅರ್ನೇಶ್ ಕುಮಾರ್ ತೀರ್ಪು ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಂಡಕೂಡಲೇ ಬಂಧಿಸಬಾರದು, ಮೊದಲು ನೋಟಿಸು ಕೊಡಿ ಎಂದಿತು.

ಔರಾದ್ ಕಡೆಗೆ ಮರಳಿ ಬರೋಣ. 2018ರ ಜುಲೈ 13. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಮಕ್ಕಳ ಕಳ್ಳರೆಂಬ ಗುಲ್ಲು ಎದ್ದಿತು. ಹೆದರಿ ಕಾರು ಓಡಿಸಿದ್ದೇ ತಡ, ವಾಟ್ಸಾಪಿನಲ್ಲಿ ಸುದ್ದಿ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದ ಬಳಿ ಜನ ದಾರಿ ಕಟ್ಟಿದರು, ಕಾರು ಮಗುಚಿತು, ನೂರಾರು ಜನರ ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ವಾಟ್ಸಾಪ್ ಗುಂಪಿನ ಅಡ್ಮಿನ್ ಸೇರಿ ಹಲವರ ಬಂಧನವಾಯಿತು. ನಾಲ್ಕೇ ದಿನಕ್ಕೆ, ಜುಲೈ 17ರಂದು, ಸುಪ್ರೀಂ ಕೋರ್ಟ್ ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ನೋಡಲ್ ಅಧಿಕಾರಿ ಬೇಕೆಂದು ಆದೇಶಿಸಿತು.

ಮುರ್ಕಿಯಲ್ಲಿ ನಿಂತಿದ್ದ ಎಷ್ಟು ಜನರಿಗೆ ಕಾನೂನು ಗೊತ್ತಿತ್ತೋ. ಸಾಮಾನ್ಯನಿಗೂ ಒಬ್ಬನನ್ನು ಹಿಡಿದು ನಿಲ್ಲಿಸುವ ಅಧಿಕಾರ ನಮ್ಮ ಕಾನೂನಿನಲ್ಲಿ ಉಂಟು. ಆದರೆ ಜಾಮೀನಿಲ್ಲದ ಸಂಜ್ಞೇಯ ಅಪರಾಧ ತನ್ನ ಕಣ್ಣೆದುರೇ ನಡೆಯಬೇಕು, ಇಲ್ಲವೇ ಅವನು ಘೋಷಿತ ಅಪರಾಧಿಯಾಗಿರಬೇಕು. ಹಿಡಿದ ಮೇಲೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. 2024ರಲ್ಲಿ ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದಕ್ಕೆ ಆರು ಗಂಟೆಯ ಗಡುವನ್ನೂ ಹಾಕಿದೆ. ಅನುಮಾನಕ್ಕೆ, ಫಾರ್ವರ್ಡ್ ಬಂದ ವಿಡಿಯೊಕ್ಕೆ ಈ ಅಧಿಕಾರವಿಲ್ಲ. ಪೊಲೀಸರ ಕೈಗೆ ಕಟ್ಟಿದ ಕಟ್ಟುಪಾಡುಗಳೆಲ್ಲ ಊರವರ ಕೈಗೂ ಅನ್ವಯಿಸುತ್ತವೆ ಎಂಬುದನ್ನು ಹಕ್ಕಿನ ಬಗ್ಗೆ ಭಾಷಣ ಮಾಡುವವರು ಮರೆಯುವುದೇ ಹೆಚ್ಚು.

ಇನ್ನು ಬೀದರ್ ನಗರ. 2020ರ ಜನವರಿ 21ರಂದು ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕವೊಂದನ್ನು ಆಡಿದರು. ನಾಲ್ಕು, ಐದು, ಆರನೇ ತರಗತಿಯ ಮಕ್ಕಳು. ಫೇಸ್‌ಬುಕ್ಕಿಗೆ ಹೋದ ವಿಡಿಯೊ ನೋಡಿ ಒಬ್ಬರು ದೂರು ಕೊಟ್ಟರು. ನ್ಯೂ ಟೌನ್ ಠಾಣೆಯಲ್ಲಿ ದಾಖಲಾದ ಎಫ್‌ಐಆರ್‌ನಲ್ಲಿ ರಾಜದ್ರೋಹದ 124ಎ ಕಲಮೂ ಸೇರಿತು. ದಿನಾಂಕ ಜನವರಿ 26, ಗಣರಾಜ್ಯೋತ್ಸವ. ಜನವರಿ 30ರಂದು ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ ನಾಟಕದಲ್ಲಿ ಮಾತಾಡಿದ ಒಬ್ಬ ಬಾಲಕಿಯ ತಾಯಿಯನ್ನೂ ಬಂಧಿಸಲಾಯಿತು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಹತ್ತಾರು ಮಕ್ಕಳನ್ನು ಕೂಡಿಸಿಕೊಂಡು, ಸಂಭಾಷಣೆ ಬರೆದವರು ಯಾರು, ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಸಮವಸ್ತ್ರದಲ್ಲಿದ್ದ ಪೊಲೀಸರ ಎದುರು ಮಕ್ಕಳು ಕೂತಿದ್ದ ಚಿತ್ರಗಳು ದೇಶದಲ್ಲೆಲ್ಲ ಹರಿದಾಡಿದವು.

ಮಕ್ಕಳೊಂದಿಗೆ ಮಾತಾಡುವಾಗ ಪೊಲೀಸರು ಸಾಧ್ಯವಾದಷ್ಟೂ ಸಾದಾ ಉಡುಪಿನಲ್ಲಿರಬೇಕು, ಹೆಣ್ಣುಮಕ್ಕಳಾದರೆ ಮಹಿಳಾ ಸಿಬ್ಬಂದಿ ಇರಬೇಕು ಎಂದು ಬಾಲನ್ಯಾಯ ನಿಯಮಗಳು ಹೇಳುತ್ತವೆ. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಹೈಕೋರ್ಟ್ ಪೀಠ 2021ರ ಆಗಸ್ಟ್‌ನಲ್ಲಿ ಆ ಚಿತ್ರಗಳನ್ನು ನೋಡಿ, ಸಮವಸ್ತ್ರ, ಶಸ್ತ್ರ ಸಮೇತ ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೇ ಮಕ್ಕಳ ಹಕ್ಕಿನ ಗಂಭೀರ ಉಲ್ಲಂಘನೆ ಎಂದಿತು. ಮಹಿಳೆಯರಿಬ್ಬರಿಗೆ ಬೀದರ್ ಜಿಲ್ಲಾ ನ್ಯಾಯಾಲಯ 2020ರ ಫೆಬ್ರುವರಿ 14ರಂದೇ ಜಾಮೀನು ಕೊಟ್ಟಿತ್ತು. ಅಷ್ಟರಲ್ಲಿ ಎರಡು ವಾರ ಜೈಲಿನಲ್ಲಿ ಕಳೆದಿದ್ದವು. ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು 2023ರ ಜೂನ್ 14ರಂದು ಕಲಬುರಗಿ ಪೀಠದ ನ್ಯಾಯಮೂರ್ತಿ ಹೇಮಂತ್ ಚಂದನಗೌಡರ್ ರದ್ದುಪಡಿಸಿದರು. ನಾಟಕದಲ್ಲಿ ಪ್ರಧಾನಿಯ ಬಗ್ಗೆ ಬಳಸಿದ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು, ಆದರೆ ರಾಜದ್ರೋಹವಲ್ಲ ಎಂದರು. ಮಕ್ಕಳಿಗೆ ಸರ್ಕಾರವನ್ನು ಟೀಕಿಸುವುದನ್ನು ಕಲಿಸಬೇಡಿ ಎಂದು ಶಾಲೆಗೂ ಬುದ್ಧಿ ಹೇಳಿದರು. ಅಂದರೆ ಯಾವ ಪಕ್ಷಕ್ಕೂ ಪೂರ್ತಿ ಹಿತವಾಗದ ತೀರ್ಪು. ಅಷ್ಟರಮಟ್ಟಿಗೆ ಅದು ಒಳ್ಳೆಯ ತೀರ್ಪೂ ಹೌದು.

2024ರ ಜುಲೈ 1ರಿಂದ ಕಾನೂನುಗಳ ಹೆಸರು, ಕಲಮಿನ ಅಂಕಿ ಬದಲಾಗಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಯಾವ ಹದ್ದಿನಲ್ಲಿ ನಡೆದಿದ್ದರೂ ಸಂಜ್ಞೇಯ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಔರಾದಿನ ಗಡಿ ಹಳ್ಳಿಗಳವರು ಇದೊಂದನ್ನು ಬಾಯಿಪಾಠ ಮಾಡಿಟ್ಟುಕೊಂಡರೂ ಸಾಕು. 35ನೇ ಕಲಮು ನೋಟಿಸಿನದು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು, ಅಶಕ್ತರನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ ಎಂಬುದೂ ಅದರಲ್ಲಿದೆ. ಸಾಕ್ಷಿ ಹೇಳಿಕೆಗೆಂದು ಹೆಂಗಸರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು ಠಾಣೆಗೆ ಕರೆಸಬಾರದು, ಅವರಿರುವಲ್ಲಿಗೇ ಹೋಗಬೇಕು. ಕುಡಿದು ಬೀದಿಯಲ್ಲಿ ರಂಪ ಮಾಡಿದವನಿಗೆ 24 ಗಂಟೆ ಸಜೆಗೋ ಸಾವಿರ ರೂಪಾಯಿ ದಂಡಕ್ಕೋ ಬದಲಾಗಿ ಸಮುದಾಯ ಸೇವೆಯ ಶಿಕ್ಷೆ ಕೊಡಲೂ ಈಗ ಅವಕಾಶವಿದೆ.

ಭಾಷೆಯ ಹಳೆಯ ತಕರಾರಿಗೂ ಉತ್ತರ ಬಂದಿದೆ, ತಡವಾಗಿ. ಇಂಗ್ಲಿಷ್ ಬಾರದ ಬಂಧಿಗೆ ಇಂಗ್ಲಿಷಿನಲ್ಲಿ ಕಾರಣ ಬರೆದುಕೊಟ್ಟು ಬಾಯಲ್ಲಿ ವಿವರಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹರಿಕಿಸನ್ ಪ್ರಕರಣದಲ್ಲಿ ಹೇಳಿತ್ತು. ಅದು ಮುಂಜಾಗ್ರತಾ ಬಂಧನದ ಮಾತು. 2025ರ ನವೆಂಬರ್ 6ರಂದು ಮಿಹಿರ್ ಶಾ ಪ್ರಕರಣದಲ್ಲಿ, ಅಪರಾಧ ಯಾವುದೇ ಇರಲಿ, ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದಿತು. ಆ ಗಳಿಗೆಯಲ್ಲಿ ಆಗದಿದ್ದರೆ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ನಾಳೆ ಮನೆಯ ಹುಡುಗನನ್ನು ಠಾಣೆಗೆ ಕರೆದೊಯ್ದರೆ ಏನು ಮಾಡಬೇಕು? ಜಗಳ ಬೇಡ, ಕೈ ಮುಗಿದು ನಿಲ್ಲುವುದೂ ಬೇಡ. 'ಸಾಹೇಬ್ರೆ, ನೋಟಿಸ್ ಐತೇನ್ರಿ? ಮೆಮೊ ಕೊಡ್ರಿ, ಕಾರಣ ಬರದು ಕೊಡ್ರಿ' ಎಂದು ಕೇಳಿ. ಎಷ್ಟು ಹೊತ್ತಿಗೆ ಕರೆದೊಯ್ದರು ಎಂಬುದನ್ನು ಬರೆದಿಟ್ಟುಕೊಳ್ಳಿ, 24 ಗಂಟೆಯ ಲೆಕ್ಕ ಅಲ್ಲಿಂದ ಶುರು. ವಕೀಲರ ಫೀಸಿಗೆ ಹಣವಿಲ್ಲವೆಂದು ಸುಮ್ಮನಿರಬೇಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು. ಬೀದರ್ ಜಿಲ್ಲಾ ನ್ಯಾಯಾಲಯದಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ, ಭಾಲ್ಕಿ ಮತ್ತು ಔರಾದ್ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಅಲ್ಲಿಗೆ ಹೋಗಲಾಗದವರು 15100ಕ್ಕೆ ಫೋನು ಮಾಡಿ.